ಕೋಡ್ ಪ್ರಶ್ನೋತ್ತರ: ಐಪಿ ವಿಳಾಸವನ್ನು ಸ್ಟ್ರಿಂಗ್ ಆಗಿ ಇಟ್ಟುಕೊಂಡರೆ ಎಲ್ಲಿ ಎಡವುತ್ತೇವೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಐಪಿ ವಿಳಾಸದ ಸುತ್ತಲೇ ಇವೆ. ಬಹುತೇಕ ಉತ್ತರಗಳನ್ನು ಪೈಥಾನ್‌ನ 'ಐಪಿಅಡ್ರೆಸ್' ಲೈಬ್ರರಿ ಇಟ್ಟುಕೊಂಡು ಬರೆದಿದ್ದೇವೆ. 2012ರಲ್ಲಿ ಬಂದ 3.3 ಆವೃತ್ತಿಯಿಂದ ಅದು ಪೈಥಾನ್ ಜೊತೆಗೇ ಸಿಗುತ್ತದೆ, ಬೇರೆ ಇನ್‌ಸ್ಟಾಲ್ ಬೇಡ. ಫಂಕ್ಷನ್‌ಗಳ ಹೆಸರು ಇಲ್ಲಿ ಕನ್ನಡ ಅಕ್ಷರದಲ್ಲಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ಪ್ರಶ್ನೆ: ರಥಬೀದಿ ಹತ್ತಿರದ ವಸತಿಗೃಹವೊಂದರಲ್ಲಿ ವೈಫೈ ಲಾಗ್ ನೋಡಿಕೊಳ್ಳುವ ಕೆಲಸ ನನ್ನದು. ವಿಳಾಸಗಳನ್ನು ಸಾರ್ಟ್ ಮಾಡಿದರೆ 192.168.1.100 ಮೊದಲು ಬರ್ತದೆ, 192.168.1.9 ಅದರ ನಂತರ. ಇನ್ನೊಂದು ತೊಂದರೆಯೂ ಉಂಟು. ಆಫೀಸಿನ ಕಂಪ್ಯೂಟರ್‌ಗಳನ್ನು ಬೇರೆ ಮಾಡಲು '192.168.1' ಎಂದು ಶುರುವಾಗುವ ಸಾಲು ಹುಡುಕಿದರೆ ಅತಿಥಿಗಳ 192.168.10 ನೆಟ್‌ವರ್ಕ್ ಕೂಡ ಸೇರಿಕೊಳ್ತದೆ. ಎಂತ ಮಾಡುವುದು? (ಉಡುಪಿ)

ಉತ್ತರ: ಎರಡೂ ತೊಂದರೆಗೆ ಬೇರು ಒಂದೇ. ನಿಮ್ಮ ಕೋಡ್‌ಗೆ ಅದು ವಿಳಾಸ ಎಂದು ಗೊತ್ತೇ ಇಲ್ಲ, ಅಕ್ಷರಗಳ ಸಾಲು ಎಂದಷ್ಟೇ ಗೊತ್ತು. ಕೊನೆಯ ಚುಕ್ಕಿಯ ನಂತರ ಒಂದರಲ್ಲಿ '1' ಇದೆ, ಇನ್ನೊಂದರಲ್ಲಿ '9'. ಅಕ್ಷರಕ್ಕೆ ಅಕ್ಷರ ಹೋಲಿಸುವಾಗ '1' ಮುಂದೆ ಬರುತ್ತದೆ, ಅದು ನೂರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ನಾವು ನಾಲ್ಕು ತುಂಡು ಮಾಡಿ ಬರೆಯುವ ವಿಳಾಸ ಯಂತ್ರದ ಮಟ್ಟಿಗೆ 32 ಬಿಟ್‌ಗಳ ಒಂದೇ ಸಂಖ್ಯೆ. 192.168.1.9ನ್ನು ಬಿಡಿಸಿ ನೋಡಿ: 192ನ್ನು 1,67,77,216ರಿಂದ ಗುಣಿಸಿ, 168ನ್ನು 65,536ರಿಂದ, 1ನ್ನು 256ರಿಂದ, ಕೊನೆಗೆ 9 ಕೂಡಿಸಿ. ಸಿಗುವುದು 3232235785. ಅದೇ ರೀತಿ 192.168.1.100 ಎಂದರೆ 3232235876. ಈಗ ಯಾವುದು ಚಿಕ್ಕದು ಎಂಬ ಗೊಂದಲವೇ ಇಲ್ಲ. ಈ ಗುಣಾಕಾರವನ್ನು ಲೈಬ್ರರಿ ತಾನೇ ಮಾಡಿಕೊಳ್ಳುತ್ತದೆ: ಐಪಿ_ಅಡ್ರೆಸ್('192.168.1.9') ಎಂದು ಕರೆದರೆ ಒಂದು ಆಬ್ಜೆಕ್ಟ್ ಸಿಗುತ್ತದೆ, ಅದನ್ನು ಇಂಟ್() ಒಳಗೆ ಹಾಕಿದರೆ ಮೇಲಿನ ಸಂಖ್ಯೆಯೇ ಬರುತ್ತದೆ. ಪಟ್ಟಿಯನ್ನು ಸಾಲಾಗಿಸಲು ಸಾರ್ಟೆಡ್(ಪಟ್ಟಿ, ಕೀ=ಐಪಿ_ಅಡ್ರೆಸ್) ಎಂದರೆ ಸಾಕು.

ಎರಡನೆಯದಕ್ಕೆ '192.168.1.' ಎಂದು ಕೊನೆಗೊಂದು ಚುಕ್ಕಿ ಸೇರಿಸಿ ಪಾರಾಗಬಹುದು ಎನಿಸುತ್ತದೆ. ಇವತ್ತಿಗೆ ಪಾರಾಗುತ್ತೀರಿ. ನಾಳೆ ಯಾರಾದರೂ ಆಫೀಸಿಗೆ ಅರ್ಧ ಬ್ಲಾಕ್ ಮಾತ್ರ, ಅಂದರೆ /25 (ಮೊದಲ 25 ಬಿಟ್ ನೆಟ್‌ವರ್ಕ್‌ಗೆ) ಕೊಟ್ಟರೆ ಆ ಗಡಿ ಚುಕ್ಕಿಯ ಮೇಲೆ ಬೀಳುವುದಿಲ್ಲ. ಲೂಪ್‌ಗಿಂತ ಮೊದಲೇ ಆಫೀಸ್ = ಐಪಿ_ನೆಟ್‌ವರ್ಕ್('192.168.1.0/24') ಎಂದು ಒಮ್ಮೆ ಮಾಡಿಟ್ಟುಕೊಳ್ಳಿ, ಒಳಗೆ 'ವಿಳಾಸ ಇನ್ ಆಫೀಸ್' ಎಂದು ಕೇಳಿ. ನೆಟ್‌ವರ್ಕ್ ಆಬ್ಜೆಕ್ಟನ್ನು ಪ್ರತಿ ಸಾಲಿಗೂ ಹೊಸದಾಗಿ ಕಟ್ಟಬೇಡಿ. ಪರ್ಯಾಯ ಉತ್ಸವದ ದಿನಗಳಷ್ಟು ಉದ್ದದ ಲಾಗ್ ಇದ್ದರೆ ಅದರಿಂದಲೇ ಪ್ರೋಗ್ರಾಂ ನಿಧಾನವಾಗುತ್ತದೆ.

ಲಾಗ್‌ನಿಂದ ಓದಿದ ತುಂಡಿಗೆ ಮೊದಲು .ಸ್ಟ್ರಿಪ್() ಮಾಡಿ. ಸಾಲಿನ ಕೊನೆಯ ಖಾಲಿ ಜಾಗ ಉಳಿದರೂ ಲೈಬ್ರರಿ ವ್ಯಾಲ್ಯೂಎರರ್ ಕೊಡುತ್ತದೆ. '192.168.1.9:54321' ಎಂದು ಪೋರ್ಟ್ ಅಂಟಿಕೊಂಡಿದ್ದರೂ ಅಷ್ಟೇ. ಎರರ್ ಬಂದ ಸಾಲನ್ನು ನುಂಗಿಬಿಡದೆ ಬೇರೆ ಫೈಲಿಗೆ ಬರೆಯಿರಿ.

ಪ್ರಶ್ನೆ: ಐಸ್ ಪ್ಲಾಂಟ್‌ನ ತಾಪಮಾನ ಸೆನ್ಸರ್ ಒಂದಕ್ಕೆ 192.168.10.77/26 ಕೊಟ್ಟುಂಟು. ಇದನ್ನು ಐಪಿ_ನೆಟ್‌ವರ್ಕ್‌ಗೆ ಹಾಕಿದರೆ 'ಹೋಸ್ಟ್ ಬಿಟ್ಸ್ ಸೆಟ್' ಎಂದು ಎರರ್. ಸ್ಟ್ರಿಕ್ಟ್=ಫಾಲ್ಸ್ ಹಾಕಿದರೆ ಸರಿಯಾಗ್ತದೆ, ಆದರೆ 77 ಮಾಯ! ಹಾಗೆಯೇ ಬಿಡಬಹುದಾ? (ಮಲ್ಪೆ)

ಉತ್ತರ: ಬಿಡಬೇಡಿ. /26 ಎಂದರೆ ಮೊದಲ 26 ಬಿಟ್ ನೆಟ್‌ವರ್ಕ್‌ಗೆ, ಉಳಿದ 6 ಬಿಟ್ ಒಳಗಿನ ಯಂತ್ರಕ್ಕೆ. 77ನ್ನು ಎಂಟು ಬಿಟ್‌ಗಳಲ್ಲಿ ಬರೆದರೆ 01001101. ಮೊದಲ ಎರಡು ಬಿಟ್ 01, ಅದು ನೆಟ್‌ವರ್ಕ್‌ನ ಪಾಲು, ಬೆಲೆ 64. ಉಳಿದ 001101 ಯಂತ್ರದ ಪಾಲು, ಬೆಲೆ 13. ಐಪಿ_ನೆಟ್‌ವರ್ಕ್ ಕೇಳುವುದು ಇಡೀ ಬ್ಲಾಕ್‌ನ ಹೆಸರನ್ನು. ಅಲ್ಲಿ ಯಂತ್ರದ ಪಾಲು ಪೂರ್ತಿ ಸೊನ್ನೆಯಾಗಿರಬೇಕು. ನಿಮ್ಮ 13 ಅಲ್ಲಿ ಉಳಿದದ್ದಕ್ಕೇ ಎರರ್. ಸ್ಟ್ರಿಕ್ಟ್=ಫಾಲ್ಸ್ ಎಂದಾಗ ಲೈಬ್ರರಿ ಆ 13ನ್ನು ಅಳಿಸಿ 192.168.10.64/26 ಎಂದು ಇಟ್ಟುಕೊಳ್ಳುತ್ತದೆ.

ನಿಮಗೆ ಬೇಕಾದದ್ದು ಮೂರನೆಯ ಫಂಕ್ಷನ್, ಐಪಿ_ಇಂಟರ್‌ಫೇಸ್. ಐಪಿ_ಅಡ್ರೆಸ್ ಒಂದು ಮನೆಯ ನಂಬರು, ಐಪಿ_ನೆಟ್‌ವರ್ಕ್ ಇಡೀ ಓಣಿ, ಐಪಿ_ಇಂಟರ್‌ಫೇಸ್ 'ಈ ಓಣಿಯ ಈ ಮನೆ'. ಐಪಿ_ಇಂಟರ್‌ಫೇಸ್('192.168.10.77/26') ಮಾಡಿಟ್ಟರೆ .ಐಪಿ ಕೇಳಿದಾಗ 77 ಇರುವ ವಿಳಾಸವೂ .ನೆಟ್‌ವರ್ಕ್ ಕೇಳಿದಾಗ 192.168.10.64/26ವೂ ಸಿಗುತ್ತವೆ. ಒಂದು ಎಚ್ಚರಿಕೆ: ಇಂಟರ್‌ಫೇಸನ್ನು ಬರೀ ವಿಳಾಸದೊಂದಿಗೆ ಹೋಲಿಸಿದರೆ ಫಾಲ್ಸ್ ಬರುತ್ತದೆ. ಹೋಲಿಸುವಾಗ .ಐಪಿ ತೆಗೆದುಕೊಂಡೇ ಹೋಲಿಸಿ.

ಸೆನ್ಸರ್‌ನ ಗೇಟ್‌ವೇ (ಹೊರಗೆ ಹೋಗುವ ದಾರಿಯ ವಿಳಾಸ) ಕೂಡ ಇದೇ ಹೊತ್ತಿಗೆ ಪರೀಕ್ಷಿಸಿಬಿಡಿ. ಈ ಬ್ಲಾಕ್‌ನಲ್ಲಿ ಯಂತ್ರಗಳಿಗೆ ಕೊಡಬಹುದಾದದ್ದು 65ರಿಂದ 126ರವರೆಗೆ, ಒಟ್ಟು 62 ವಿಳಾಸ. 64 ನೆಟ್‌ವರ್ಕ್‌ನದ್ದು, 127 ಬ್ರಾಡ್‌ಕಾಸ್ಟ್, ಅಂದರೆ ಓಣಿಯ ಎಲ್ಲರಿಗೂ ಒಟ್ಟಿಗೆ ಕಳಿಸುವ ವಿಳಾಸ. ಅಭ್ಯಾಸಬಲದಿಂದ ಗೇಟ್‌ವೇ ಜಾಗದಲ್ಲಿ 192.168.10.1 ಎಂದು ತುಂಬಿದ್ದರೆ ಅದು ಬೇರೆ ಓಣಿ. ಸೆನ್ಸರ್ ಪಕ್ಕದ ಯಂತ್ರಗಳೊಂದಿಗೆ ಮಾತಾಡುತ್ತದೆ, ಹೊರಗೆ ಡೇಟಾ ಕಳಿಸುವುದಿಲ್ಲ, ಕೇಬಲ್ ಸಡಿಲ ಎಂದುಕೊಂಡು ದಿನವಿಡೀ ಹುಡುಕುತ್ತೀರಿ. 'ಗೇಟ್‌ವೇ ಇನ್ ಇಂಟರ್‌ಫೇಸ್.ನೆಟ್‌ವರ್ಕ್' ಎಂಬ ಒಂದು ಸಾಲು ಅದನ್ನು ಕೂಡಲೇ ಹಿಡಿಯುತ್ತದೆ.

ಖಾಲಿ ವಿಳಾಸ ಹುಡುಕಲು .ಹೋಸ್ಟ್ಸ್() ಇದೆ. ಐಪಿವಿ6ರ (128 ಬಿಟ್‌ಗಳ ಹೊಸ ಬಗೆಯ ವಿಳಾಸ; ಮೇಲಿನ 32 ಬಿಟ್‌ನವು ಐಪಿವಿ4) /64 ಮೇಲೆ ಅದನ್ನು ಲಿಸ್ಟ್() ಒಳಗೆ ಮಾತ್ರ ಹಾಕಬೇಡಿ. ಅಲ್ಲಿರುವುದು ಎರಡರ 64ನೇ ಘಾತದಷ್ಟು ವಿಳಾಸ, ಕಂಪ್ಯೂಟರ್‌ನ ಮೆಮೊರಿ ಮುಗಿಯುತ್ತದೆ.

ಪ್ರಶ್ನೆ: ಹಾಜರಿ ತೆಗೆಯುವ ಬಯೋಮೆಟ್ರಿಕ್ ಯಂತ್ರ ತನ್ನ ವಿಳಾಸವನ್ನು 192.168.001.010 ಎಂದು ಕೊಡ್ತದೆ. ಹಳೆಯ ಕಂಪ್ಯೂಟರ್‌ನ ಪೈಥಾನ್ 3.8ರಲ್ಲಿ ನಡೆಯುತ್ತಿದ್ದ ಕೋಡ್ ಹೊಸ ಪೈಥಾನ್ ಹಾಕಿದ ಮೇಲೆ ವ್ಯಾಲ್ಯೂಎರರ್ ಕೊಡ್ತದೆ. ಲೈಬ್ರರಿ ಹಾಳಾಯಿತಾ? (ಸುರತ್ಕಲ್)

ಉತ್ತರ: ಹಾಳಾಗಿಲ್ಲ, ಒಂದು ಅಪಾಯವನ್ನು ಮುಚ್ಚಿದ್ದಾರೆ. ಸಿ ಭಾಷೆಯ ಕಾಲದಿಂದ ಬಂದ ವಿಳಾಸವನ್ನು ಸಂಖ್ಯೆ ಮಾಡುವ ಇನೆಟ್_ಎಟಾನ್ ಎಂಬ ಫಂಕ್ಷನ್, ಸೊನ್ನೆಯಿಂದ ಶುರುವಾಗುವ ತುಂಡನ್ನು ಎಂಟರ ಆಧಾರದ ಸಂಖ್ಯೆ ಎಂದು ಓದುತ್ತದೆ. ಅದರ ಕಣ್ಣಿಗೆ 010 ಎಂದರೆ ಎಂಟು. ಪೈಥಾನ್ 3.8.0ದಿಂದ ಅದನ್ನು ಹತ್ತು ಎಂದು ಓದುತ್ತಿತ್ತು. ಒಂದೇ ಬರಹಕ್ಕೆ ಎರಡು ಅರ್ಥ. '010.8.8.8' ಎಂದು ಯಾರೋ ಕೊಟ್ಟರು ಎನ್ನಿ. ನಿಮ್ಮ ಪೈಥಾನ್ ಪರೀಕ್ಷೆ ಅದನ್ನು 10.8.8.8 ಎಂದು ಓದಿ 'ಒಳಗಿನ ನೆಟ್‌ವರ್ಕ್, ಬಿಡಬಹುದು' ಎನ್ನುತ್ತದೆ. ಸಂಪರ್ಕ ಮಾಡುವ ಇನ್ನೊಂದು ಪ್ರೋಗ್ರಾಂ 8.8.8.8ಕ್ಕೆ ಹೋಗುತ್ತದೆ. ಕಾವಲುಗಾರ ನೋಡಿದ ವ್ಯಕ್ತಿ ಬೇರೆ, ಒಳಹೊಕ್ಕವನು ಬೇರೆ. 2021ರಲ್ಲಿ ಇದನ್ನು ಭದ್ರತಾ ದೋಷವೆಂದು ದಾಖಲಿಸಿ, 3.9.5 ಮತ್ತು 3.8.12ರಿಂದ ಮುಂಚೂಣಿ ಸೊನ್ನೆಯನ್ನು ಪೂರ್ತಿ ನಿರಾಕರಿಸಿದರು. ಗೋ ಮತ್ತು ರಸ್ಟ್ ಭಾಷೆಗಳಲ್ಲೂ ಅದೇ ವರ್ಷ ಇದೇ ದೋಷ ಸರಿಯಾಯಿತು.

ನಿಮ್ಮ ಯಂತ್ರ ಬರೀ ಅಂದಕ್ಕಾಗಿ ಮೂರಂಕಿ ತುಂಬುತ್ತಿದೆ. ಅದರ ಪರದೆಯಲ್ಲಿ ಎಲ್ಲಾದರೂ 8 ಅಥವಾ 9 ಇರುವ ತುಂಡು, ಉದಾಹರಣೆಗೆ 019, ಕಂಡರೆ ಅದು ಹತ್ತರ ಆಧಾರದ್ದೇ ಎಂದು ಖಚಿತ; ಎಂಟರ ಆಧಾರದಲ್ಲಿ ಆ ಅಂಕಿಗಳೇ ಇಲ್ಲ. ಖಚಿತವಾದ ಮೇಲೆ ಚುಕ್ಕಿಯಲ್ಲಿ ಸ್ಪ್ಲಿಟ್ ಮಾಡಿ, ಪ್ರತಿ ತುಂಡನ್ನು ಇಂಟ್() ಮಾಡಿ, ಮತ್ತೆ ಚುಕ್ಕಿಯಿಂದ ಜೋಡಿಸಿ, ಆಮೇಲೆ ಐಪಿ_ಅಡ್ರೆಸ್‌ಗೆ ಕೊಡಿ. ಈ ಉಪಾಯ ಆ ಒಂದು ಯಂತ್ರದಿಂದ ಬರುವ ಡೇಟಾಕ್ಕೆ ಮಾತ್ರ ಇರಲಿ. ವೆಬ್ ಫಾರಂನಲ್ಲಿ ಜನ ಟೈಪ್ ಮಾಡಿದ್ದಕ್ಕೆ ಇದನ್ನು ಹಚ್ಚಿದರೆ ಮುಚ್ಚಿದ ಬಾಗಿಲನ್ನು ನೀವೇ ತೆರೆದಂತೆ. ಪೈಥಾನ್‌ನ ಇಂಟ್() ಧಾರಾಳಿ ಬೇರೆ: '೧೯೨' ಎಂಬ ಕನ್ನಡ ಅಂಕಿಗಳನ್ನೂ 192 ಎಂದೇ ಓದುತ್ತದೆ. ಐಪಿ_ಅಡ್ರೆಸ್ ಅದನ್ನು ಒಪ್ಪುವುದಿಲ್ಲ, ಒಪ್ಪದಿರುವುದೇ ಸರಿ.

ಸಂಖ್ಯೆಯಿಂದ ವಿಳಾಸ ಮಾಡುವವರಿಗೂ ಇಲ್ಲೇ ಒಂದು ಮಾತು. ಐಪಿ_ಅಡ್ರೆಸ್(1) ಎಂದರೆ 0.0.0.1 ಸಿಗುತ್ತದೆ. ಎರಡರ 32ನೇ ಘಾತಕ್ಕಿಂತ ಚಿಕ್ಕ ಸಂಖ್ಯೆಯನ್ನು ಆ ಫಂಕ್ಷನ್ ಐಪಿವಿ4 ಎಂದೇ ಭಾವಿಸುತ್ತದೆ. ನಿಮಗೆ ಬೇಕಾದದ್ದು ಐಪಿವಿ6ರ ::1 ಆಗಿದ್ದರೆ ಐಪಿವಿ6ಅಡ್ರೆಸ್(1) ಎಂದು ಕ್ಲಾಸಿನ ಹೆಸರನ್ನೇ ಹಿಡಿದು ಕರೆಯಿರಿ.

ಪ್ರಶ್ನೆ: ಮೈಎಸ್‌ಕ್ಯೂಎಲ್‌ನಲ್ಲಿ ವಿಳಾಸ ಇಡಲು ಇಂಟ್ ಕಾಲಂ ಮಾಡಿ ಇನೆಟ್_ಎಟಾನ್ ಬಳಸಿದೆ. ಹೊರಗೆ ತೆಗೆದರೆ ಹಲವು ಸಾಲುಗಳಲ್ಲಿ ಒಂದೇ ವಿಳಾಸ, 127.255.255.255. (ಹಂಪನಕಟ್ಟೆ, ಮಂಗಳೂರು)

ಉತ್ತರ: ಬರೀ ಇಂಟ್ ಎಂದರೆ ಋಣ ಸಂಖ್ಯೆಗೂ ಜಾಗ ಬಿಟ್ಟ ಕಾಲಂ, ಅದು ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ವಿಳಾಸದ ರೂಪದಲ್ಲಿ ಅದೇ 127.255.255.255. ನಿಮ್ಮ 192ರ ಸಾಲಿನ ವಿಳಾಸಗಳೆಲ್ಲ ಅದಕ್ಕಿಂತ ದೊಡ್ಡವು. ಸ್ಟ್ರಿಕ್ಟ್ ಮೋಡ್ ಆನ್ ಇದ್ದಿದ್ದರೆ ಇನ್ಸರ್ಟ್ ಹೊತ್ತಿಗೇ ಎರರ್ ಬರುತ್ತಿತ್ತು. ಅದು ಆಫ್ ಇರುವುದರಿಂದ ಡೇಟಾಬೇಸ್ ಮಾತಾಡದೆ ಮಿತಿಗೆ ಕತ್ತರಿಸಿದೆ. ಆ ಸಾಲುಗಳ ಮೂಲ ವಿಳಾಸ ಈಗ ಡೇಟಾಬೇಸ್‌ನಲ್ಲಿ ಇಲ್ಲ, ಮೂಲ ಲಾಗ್ ಇದ್ದರೆ ಅಲ್ಲಿಂದಲೇ ಮತ್ತೆ ತುಂಬಬೇಕು.

ಐಪಿವಿ4 ಮಾತ್ರ ಸಾಕೆಂದಾದರೆ ಇಂಟ್ ಅನ್‌ಸೈನ್ಡ್. ಐಪಿವಿ6 ಕೂಡ ಬರಬಹುದಾದರೆ ವಾರ್‌ಬೈನರಿ(16) ಕಾಲಂ, ಜೊತೆಗೆ ಇನೆಟ್6_ಎಟಾನ್. ಐಪಿವಿ4 ಅದರಲ್ಲಿ 4 ಬೈಟ್, ಐಪಿವಿ6 16 ಬೈಟ್ ಹಿಡಿಯುತ್ತದೆ. ಹೊಸದಾಗಿ ಶುರು ಮಾಡುವವರು ಎರಡನೆಯದನ್ನೇ ಆರಿಸಲಿ. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆಂದೇ 'ಇನೆಟ್' ಎಂಬ ಟೈಪ್ ಇದೆ. ಅಕ್ಷರವಾಗಿಯೇ ಇಡುವ ಹಟವಿದ್ದರೆ ವಾರ್‌ಚಾರ್(15) ಸಾಲದು, 45 ಬೇಕು.

ಪ್ರಶ್ನೆ: ಲ್ಯಾಬ್ ಸರ್ವರ್‌ಗೆ 192.168.5.0/24ರಿಂದ ಮಾತ್ರ ಪ್ರವೇಶ ಎಂದು ಕೋಡ್ ಬರೆದಿದ್ದೇವೆ. ಅದೇ ನೆಟ್‌ವರ್ಕ್‌ನಲ್ಲಿ ಕೂತವರಿಗೂ ಪ್ರವೇಶ ಇಲ್ಲ. ಎರರ್ ಏನೂ ಬರ್ತಾ ಇಲ್ಲ. (ಮಣಿಪಾಲ)

ಉತ್ತರ: ಬಂದ ವಿಳಾಸವನ್ನು ಹಾಗೆಯೇ ಪ್ರಿಂಟ್ ಮಾಡಿ ನೋಡಿ. ::ಎಫ್‌ಎಫ್‌ಎಫ್‌ಎಫ್:192.168.5.20 ಎಂದು ಕಂಡರೆ ಕಾರಣ ಸಿಕ್ಕಿತು. ಸರ್ವರ್ ಐಪಿವಿ6 ಸಾಕೆಟ್‌ನಲ್ಲಿ ಎರಡೂ ಬಗೆಯವರಿಗೆ ಕಿವಿಗೊಟ್ಟು ಕೂತಿದ್ದರೆ, ಐಪಿವಿ4ನಿಂದ ಬಂದವರನ್ನು ಆಪರೇಟಿಂಗ್ ಸಿಸ್ಟಂ ಹೀಗೆ ಐಪಿವಿ6 ಅಂಗಿ ತೊಡಿಸಿ ಒಳಗೆ ಕೊಡುತ್ತದೆ. ಪೈಥಾನ್‌ಗೆ ಅದು ಐಪಿವಿ6 ಆಬ್ಜೆಕ್ಟ್. ಐಪಿವಿ4 ನೆಟ್‌ವರ್ಕ್‌ನಲ್ಲಿ ಇದೆಯೇ ಎಂದು 'ಇನ್' ಹಾಕಿ ಕೇಳಿದರೆ ತಕರಾರಿಲ್ಲದೆ ಫಾಲ್ಸ್ ಎನ್ನುತ್ತದೆ. (ಚಿಕ್ಕದು-ದೊಡ್ಡದು ಎಂದು ಹೋಲಿಸಿದ್ದರೆ ಟೈಪ್‌ಎರರ್ ಬರುತ್ತಿತ್ತು, ಆಗ ಬೇಗ ಸಿಕ್ಕಿಬೀಳುತ್ತಿತ್ತು.)

ವಿಳಾಸ ಕೈಗೆ ಬಂದ ಕೂಡಲೇ .ವರ್ಷನ್ 6 ಇದೆಯೇ ನೋಡಿ, ಇದ್ದರೆ .ಐಪಿವಿ4_ಮ್ಯಾಪ್ಡ್ ಕೇಳಿ, ಅದು ನನ್ ಅಲ್ಲದಿದ್ದರೆ ಮುಂದೆ ಅದನ್ನೇ ಬಳಸಿ. ವರ್ಷನ್ ನೋಡದೆ ಕೇಳಬೇಡಿ, ಐಪಿವಿ4 ಆಬ್ಜೆಕ್ಟ್‌ಗೆ ಆ ಗುಣವಿಲ್ಲ. ತಡೆಪಟ್ಟಿ ಇಟ್ಟವರಿಗೆ ಇದು ಇನ್ನೂ ಮುಖ್ಯ: ನಿಮ್ಮಲ್ಲಿ ಒಳ್ಳೆಯವರು ಹೊರಗುಳಿದರು, ಅವರಲ್ಲಿ ತಡೆಯಬೇಕಾದವರು ಒಳಗೆ ಬರುತ್ತಾರೆ. ಗೋ ಬಳಸುವವರು 1.18ರಿಂದ ಬಂದ ನೆಟ್‌ಐಪಿ ಪ್ಯಾಕೇಜಿನ ಅನ್‌ಮ್ಯಾಪ್() ಕರೆದರೆ ಇದೇ ಕೆಲಸ ಆಗುತ್ತದೆ.

ಪ್ರಶ್ನೆ: ಮನೆಯ ಸಿಸಿಟಿವಿ ಹೊರಗಿನಿಂದ ನೋಡಲು ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ, ಆಗುವುದಿಲ್ಲ. ರೂಟರ್‌ನ ಹೊರಬದಿ ವಿಳಾಸ 100.72ರಿಂದ ಶುರು. ಈಸ್_ಪ್ರೈವೇಟ್ ಕೇಳಿದರೆ ಫಾಲ್ಸ್. ಹಾಗಾದರೆ ಪಬ್ಲಿಕ್ ಅಲ್ಲವೇ? (ಕುಂದಾಪುರ)

ಉತ್ತರ: ಅಲ್ಲ. 100.64.0.0ದಿಂದ 100.127.255.255ರವರೆಗಿನ ಬ್ಲಾಕ್ ಇಂಟರ್ನೆಟ್ ಕಂಪನಿಗಳು ತಮ್ಮೊಳಗೆ ಹಂಚಿಕೊಳ್ಳಲು 2012ರಲ್ಲಿ ತೆಗೆದಿಟ್ಟದ್ದು. ಅದಕ್ಕೆ ಈಸ್_ಪ್ರೈವೇಟ್ ಕೂಡ ಫಾಲ್ಸ್, ಈಸ್_ಗ್ಲೋಬಲ್ ಕೂಡ ಫಾಲ್ಸ್. ಒಂದು ಇಲ್ಲ ಎಂದ ಮಾತ್ರಕ್ಕೆ ಇನ್ನೊಂದು ಹೌದು ಎಂದು ಹಿಡಿಯಬಾರದು. ಹೊರಗಿನಿಂದ ತಲುಪಬಹುದಾದ ವಿಳಾಸವೇ ಎಂದು ತಿಳಿಯಲು ಈಸ್_ಗ್ಲೋಬಲ್ ಕೇಳಿ. ಪಬ್ಲಿಕ್ ಐಪಿ ಕೊಡಿ ಎಂದು ನಿಮ್ಮ ಕಂಪನಿಯನ್ನೇ ಕೇಳಬೇಕು, ರೂಟರ್‌ನಲ್ಲಿ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಪ್ರಶ್ನೆ: ಜಾವಾದಲ್ಲಿ ಇನೆಟ್‌ಅಡ್ರೆಸ್.ಗೆಟ್‌ಬೈನೇಮ್ ಹಾಕಿ ಫಾರಂನ ಐಪಿ ಸರಿಯೇ ಎಂದು ನೋಡುತ್ತೇವೆ. ತಪ್ಪಾಗಿ ಊರಿನ ಹೆಸರು ಟೈಪ್ ಮಾಡಿದರೆ ಪುಟ ಕೆಲವು ಸೆಕೆಂಡ್ ನಿಂತುಬಿಡ್ತದೆ. (ಮೂಡುಬಿದಿರೆ)

ಉತ್ತರ: ಹೆಸರೇ ಹೇಳುವಂತೆ ಆ ಮೆಥಡ್ ಹೆಸರನ್ನೂ ಒಪ್ಪುತ್ತದೆ. ವಿಳಾಸದಂತೆ ಕಾಣದ ಏನನ್ನು ಕೊಟ್ಟರೂ ಡಿಎನ್ಎಸ್‌ಗೆ (ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಹೋಗಿ ವಿಚಾರಿಸುತ್ತದೆ, ನಿಂತದ್ದು ಆ ಉತ್ತರಕ್ಕಾಗಿ. ಜಾವಾ 22ರಿಂದ ಆಫ್‌ಲಿಟರಲ್ ಎಂಬ ಮೆಥಡ್ ಇದೆ, ಅದು ಡಿಎನ್ಎಸ್ ಮುಟ್ಟದೆ ಅಲ್ಲೇ ಎಕ್ಸೆಪ್ಶನ್ ಕೊಡುತ್ತದೆ. ಹಳೆಯ ಜಾವಾದಲ್ಲಿದ್ದರೆ ಗ್ವಾವಾ ಲೈಬ್ರರಿಯ ಇನೆಟ್‌ಅಡ್ರೆಸಸ್ ಕ್ಲಾಸಿನ ಫಾರ್‌ಸ್ಟ್ರಿಂಗ್ ಬಳಸಿ.