ಹತ್ತುವಾಗ ಯಾರೂ ಕೇಳಲಿಲ್ಲ, ಇಳಿದ ಮೇಲೆ ಹಿಡಿದರು

ಓದುಗರ ಪತ್ರ:
'ನಮ್ಮ ಅಪ್ಪಾರನ್ನ ಕಣ್ಣಿನ ದವಾಖಾನಿಗೆ ಕರಕೊಂಡು ಹೊಂಟಿದ್ದೆ. ಅರ್ಧ ತಾಸಿನ ದಾರಿ. ಪ್ಯಾಸೆಂಜರ್ ಗಾಡಿಗೆ ತಲಾ ಹತ್ತು ರೂಪಾಯಿ ಟಿಕೆಟ್ ತಗೊಂಡ್ವಿ. ಗಾಡಿ ಲೇಟ್ ಅಂದ್ರು. ಅಷ್ಟರಾಗ ಅದೇ ಊರಿಗೆ ಹೋಗೂ ಇನ್ನೊಂದು ಗಾಡಿ ಬಂತು, ಹತ್ತಿದ್ವಿ. ಇಳಿದು ಹೊರಗ ಬರೂವಾಗ ಟಿಸಿ ನಿಲ್ಲಿಸಿದ್ರು. "ಇದು ಎಕ್ಸ್‌ಪ್ರೆಸ್, ನಿಮ್ಮ ಟಿಕೆಟ್ ನಡಿಯಂಗಿಲ್ಲ" ಅಂತ ಇಬ್ಬರಿಗೂ ಕೂಡಿ 540 ರೂಪಾಯಿ ಹಾಕಿದ್ರು. ಮಾತಾಡಿದ್ರ ಜೈಲಿಗೆ ಕಳಸ್ತೀವಿ ಅಂದ್ರು. ಅಪ್ಪಾರು ಕನ್ನಡ ಸಾಲಿ ಮಾಸ್ತರ ಆಗಿದ್ದವರು, ಯಾರ ಕಡೆಯೂ ಒಂದು ಮಾತು ಅನ್ನಿಸಿಕೊಂಡವರಲ್ಲ. ಈಗ ರೈಲು ಅಂದ್ರ ಬ್ಯಾಡ ಅಂತಾರ. ಅದೇ ಹೊತ್ತಿನಾಗ ನಾಕು ಹುಡುಗರು ಹಳಿ ದಾಟಿ ಆ ಕಡೆ ಹೋದ್ರು, ಅವರನ್ನ ಯಾರೂ ಕೇಳಲಿಲ್ಲ. ಟಿಕೆಟ್ ತಗೊಂಡವರನ್ನ ಹಿಡಿಯೂದು ಯಾವ ನ್ಯಾಯ? ಮೆಟ್ರೋ ತರಹ ಗೇಟ್ ಯಾಕ ಹಾಕಂಗಿಲ್ಲ? ನಮ್ಮ ರೊಕ್ಕ ವಾಪಸ್ ಬರತೈತೇನು?'
– ಹಾವೇರಿ ಜಿಲ್ಲೆಯ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೊದಲು ಲೆಕ್ಕ ನೋಡೋಣ. ನಿಮಗೆ ಬೇಜಾರಾಗಬಹುದು, ಆದರೆ ಟಿಸಿ ಹಾಕಿದ ಮೊತ್ತ ನಿಯಮದ ಪ್ರಕಾರ ಸರಿಯಾಗಿಯೇ ಇದೆ. ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ 10 ರೂಪಾಯಿ. ಎಕ್ಸ್‌ಪ್ರೆಸ್ ಗಾಡಿಯ ಜನರಲ್ ಬೋಗಿಯಲ್ಲಿ ಕೂತರೆ ಕನಿಷ್ಠ 30. ಅಂದರೆ ನೀವು ಒಬ್ಬೊಬ್ಬರಿಗೆ ಕಡಿಮೆ ಕೊಟ್ಟದ್ದು 20 ರೂಪಾಯಿ. ಅದರ ಮೇಲೆ 'ಹೆಚ್ಚುವರಿ ಶುಲ್ಕ' ಅಂತ ಇನ್ನೊಂದು ಬರುತ್ತದೆ. ಬಾಕಿ ಉಳಿದ ಹಣದಷ್ಟೇ ಮೊತ್ತ, ಇಲ್ಲವೇ 250 ರೂಪಾಯಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಹೀಗೆ ಒಬ್ಬರಿಗೆ 270, ಇಬ್ಬರಿಗೆ 540.

ಈ ಕನಿಷ್ಠ ಮೊತ್ತ ಮೊದಲು 50 ರೂಪಾಯಿ ಇತ್ತು, 2004ರಲ್ಲಿ 250 ಆಯಿತು. ನನ್ನ ತಕರಾರು ಇರುವುದು ಇಲ್ಲಿ. ಹುಬ್ಬಳ್ಳಿಯಿಂದ ದೂರದೂರಿಗೆ 300 ರೂಪಾಯಿ ದರದ ಗಾಡಿಯಲ್ಲಿ ಟಿಕೆಟ್ಟೇ ತೆಗೆಯದೆ ಸಿಕ್ಕಿಬಿದ್ದವನು 300ರ ಮೇಲೆ ಇನ್ನೊಂದು 300 ಕಟ್ಟುತ್ತಾನೆ. ಒಂದಕ್ಕೆ ಎರಡು, ಅಷ್ಟೇ. ನಿಮ್ಮಪ್ಪನವರು 20 ರೂಪಾಯಿ ಕಡಿಮೆ ಕೊಟ್ಟದ್ದಕ್ಕೆ ಹನ್ನೆರಡೂವರೆ ಪಟ್ಟು ದಂಡ ಕಟ್ಟಿದರು. ಕುಂದಗೋಳ, ಸಂಶಿ, ಅಣ್ಣಿಗೇರಿ, ಹುಲಕೋಟಿ ಅಂತ ಹತ್ತಿರದ ಊರುಗಳಿಗೆ ಓಡಾಡುವವರ ಮೇಲೇ ಈ ನಿಯಮದ ಭಾರ ಜಾಸ್ತಿ ಬೀಳುತ್ತದೆ. ಯಾರೂ ಬೇಕೆಂದು ಹಾಗೆ ಮಾಡಿರಲಿಕ್ಕಿಲ್ಲ. ಆದರೆ ಇಷ್ಟು ವರ್ಷ ಅದನ್ನು ಯಾರೂ ತಿರುಗಿ ನೋಡಿಲ್ಲ ಅನ್ನುವುದಂತೂ ನಿಜ.

ಇನ್ನು ಜೈಲಿನ ಮಾತು. ಇಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. 1989ರ ರೈಲ್ವೆ ಕಾಯ್ದೆಯಲ್ಲಿ ಇದಕ್ಕೆ ಎರಡು ಬೇರೆ ಬೇರೆ ಕಲಂಗಳಿವೆ. 137ನೆಯ ಕಲಂ ಮೋಸ ಮಾಡಬೇಕೆಂದೇ ಟಿಕೆಟ್ ಇಲ್ಲದೆ ಓಡಾಡುವವರಿಗೆ. ಅದರಲ್ಲಿ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ ಅಂತ ಇದೆ, ಅದನ್ನು ತೀರ್ಮಾನ ಮಾಡುವುದು ಕೋರ್ಟು. 138ನೆಯ ಕಲಂ ಸರಿಯಾದ ಟಿಕೆಟ್ ಇಲ್ಲದವರಿಗೆ. ಅದರಲ್ಲಿ ಬಾಕಿ ದರ, ಮೇಲೊಂದು ಹೆಚ್ಚುವರಿ ಶುಲ್ಕ. ಕಟ್ಟಿದರೆ ಮುಗಿಯಿತು. ಕಟ್ಟಲ್ಲ ಅಂದರೆ ಮಾತ್ರ ಮ್ಯಾಜಿಸ್ಟ್ರೇಟರ ತನಕ ಹೋಗುತ್ತದೆ. ಕೆಳದರ್ಜೆಯ ಟಿಕೆಟ್ ಹಿಡಿದು ಮೇಲ್ದರ್ಜೆಯ ಗಾಡಿ ಹತ್ತಿದ ನಿಮ್ಮಂಥವರ ಬಗ್ಗೆ ಈ 138ರಲ್ಲೇ ಬಿಡಿಸಿ ಬರೆದಿದ್ದಾರೆ. ಕಳ್ಳನಿಗೂ ಎಡವಿದವನಿಗೂ ಫರಕು ಇದೆ ಅಂತ ಕಾಯ್ದೆ ಬರೆದವರಿಗೆ ಗೊತ್ತಿತ್ತು. ಟಿಕೆಟ್ ಕೈಯಲ್ಲಿ ಹಿಡಿದು ನಿಂತ ಮಾಸ್ತರರಿಗೆ ಜೈಲಿನ ಹೆಸರು ಹೇಳಿ ಹೆದರಿಸುವುದು ಆ ಕಾಯ್ದೆಯಲ್ಲಿಲ್ಲ, ಅದು ಬರೀ ದರ್ಪ.

ನೀವು ಹೆಣ್ಣುಮಗಳು, ಒಬ್ಬರೇ ಓಡಾಡುವ ಪ್ರಸಂಗವೂ ಬರುತ್ತದೆ. ಹಾಗಾಗಿ ಇನ್ನೊಂದನ್ನೂ ತಿಳಿದುಕೊಂಡಿರಿ. ಜೊತೆಗೆ ಗಂಡಸರಿಲ್ಲದ ಹೆಂಗಸರನ್ನಾಗಲಿ ಮಕ್ಕಳನ್ನಾಗಲಿ ಟಿಕೆಟ್ ಇಲ್ಲ ಅಂತ ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಹತ್ತಿದ ಸ್ಟೇಷನ್, ಜಂಕ್ಷನ್, ಗಾಡಿಯ ಕೊನೆಯ ಸ್ಟೇಷನ್ ಇಲ್ಲವೇ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇಳಿಸಬಹುದು. ಅದೂ ಹಗಲು ಹೊತ್ತಿನಲ್ಲಿ.

ಈಗ 'ಅದೇ ಊರಿಗೆ ಹೋಗೂ ಇನ್ನೊಂದು ಗಾಡಿ ಬಂತು' ಅನ್ನುವ ನಿಮ್ಮ ಮಾತಿಗೆ ಬರುತ್ತೇನೆ. ಇದೇ ನೋಡಿ ಎಲ್ಲ ಜಗಳದ ಬುಡ. ಅದು ಪ್ಯಾಸೆಂಜರೋ ಎಕ್ಸ್‌ಪ್ರೆಸ್ಸೋ ಅಂತ ಗಾಡಿಯ ಮುಖ ನೋಡಿ ಹೇಳುವುದು ಕಷ್ಟ. ಬೋಗಿ ಅದೇ ತರಹ. ಕೆಲವು ಗಾಡಿಗಳ ಹೆಸರು ಮಾತ್ರ ಎಕ್ಸ್‌ಪ್ರೆಸ್, ನಿಲ್ಲುವುದು ಸಣ್ಣಪುಟ್ಟ ಸ್ಟೇಷನ್ನಿನಲ್ಲೂ. ಸಾಲದ್ದಕ್ಕೆ ಕೋವಿಡ್ ಆದಮೇಲೆ ಪ್ಯಾಸೆಂಜರ್ ಗಾಡಿಗೂ ಎಕ್ಸ್‌ಪ್ರೆಸ್ ದರ ಹಾಕಿ, 10 ಇದ್ದದ್ದನ್ನು 30 ಮಾಡಿದ್ದರು. 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಸಿದರು. ಇಷ್ಟೆಲ್ಲ ಹತ್ತಿ ಇಳಿದರೆ ವಯಸ್ಸಾದವರಿಗೆ ಯಾವುದು ಯಾವ ದರದ ಗಾಡಿ ಅಂತ ಹೇಗೆ ನೆನಪಿರಬೇಕು ಹೇಳಿ.

ಗುರುತು ಹಿಡಿಯಲು ಒಂದು ಉಪಾಯ ಇದೆ. ಗಾಡಿಯ ಐದಂಕಿ ನಂಬರಿನ ಮೊದಲ ಅಂಕಿ ನೋಡಿ. 5, 6, 7 ಇದ್ದರೆ ಸಾಮಾನ್ಯವಾಗಿ ಪ್ಯಾಸೆಂಜರ್, ಇಲ್ಲವೇ ಹತ್ತಿರದ ಊರುಗಳ ನಡುವೆ ಓಡುವ ಮೆಮು, ಡೆಮು ಗಾಡಿಗಳು. 1 ಅಥವಾ 2ರಿಂದ ಶುರುವಾದರೆ ಎಕ್ಸ್‌ಪ್ರೆಸ್ ಅಂತಲೇ ತಿಳಿಯಿರಿ. 12, 22 ಅಂತಿದ್ದರೆ ಸೂಪರ್‌ಫಾಸ್ಟ್, ಅದಕ್ಕೆ ಜನರಲ್ ಬೋಗಿಯಲ್ಲೂ ಇನ್ನೊಂದು 15 ರೂಪಾಯಿ. ಯಾವ ಗಾಡಿ ಮೊದಲು ಬರುತ್ತದೋ ಗೊತ್ತಿಲ್ಲದಿದ್ದರೆ ಸುಮ್ನೆ ಎಕ್ಸ್‌ಪ್ರೆಸ್ ಟಿಕೆಟ್ ತಗೊಳ್ಳಿ. ಅದು ಪ್ಯಾಸೆಂಜರಿಗೂ ನಡೆಯುತ್ತದೆ. ಪ್ಯಾಸೆಂಜರ್ ಟಿಕೆಟ್ ಎಕ್ಸ್‌ಪ್ರೆಸ್ಸಿಗೆ ನಡೆಯುವುದಿಲ್ಲ. ಹತ್ತಿರದ ಊರಿನ ಟಿಕೆಟ್ಟಿಗೆ ಮೂರು ತಾಸಿನ ಗಡುವೂ ಇದೆ. 199 ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್ ತಗೊಂಡು ಮೂರು ತಾಸಿನೊಳಗೆ ಹೊರಡಬೇಕು, ಅಥವಾ ಆ ಕಡೆ ಹೋಗುವ ಮೊದಲ ಗಾಡಿ ಹಿಡಿಯಬೇಕು. ಬೆಳಿಗ್ಗೆಯೇ ಟಿಕೆಟ್ ತಗೊಂಡು ಪೇಟೆ ಕೆಲಸ ಮುಗಿಸಿ ಮಧ್ಯಾಹ್ನ ಹತ್ತುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಕಾಯ್ದೆಯಲ್ಲಿ ಇನ್ನೂ ಒಂದು ದಾರಿ ಇದೆ, ಆದರೆ ಬಹಳ ಮಂದಿಗೆ ಗೊತ್ತಿಲ್ಲ. ಹತ್ತುವ ಮುಂಚೆಯೇ ಗಾರ್ಡ್ ಹತ್ತಿರವೋ ಗಾಡಿಯೊಳಗೆ ಟಿಕೆಟ್ ನೋಡುವ ಟಿಟಿಇ ಹತ್ತಿರವೋ ಹೋಗಿ 'ನಮ್ಮ ಹತ್ತಿರ ಸರಿಯಾದ ಟಿಕೆಟ್ ಇಲ್ಲ, ಬಾಕಿ ಕೊಡುತ್ತೇವೆ' ಅಂತ ಹೇಳಿ ಒಂದು ಚೀಟಿ ಬರೆಸಿಕೊಂಡರೆ 250ರ ಶುಲ್ಕ ಬೀಳುವುದಿಲ್ಲ. ದರದ ವ್ಯತ್ಯಾಸ ಕೊಟ್ಟರೆ ಸಾಕು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಗಾರ್ಡ್ ಇರುವುದು ಗಾಡಿಯ ಬಾಲದಲ್ಲಿ (2022ರಿಂದ ಅವರನ್ನು ಟ್ರೇನ್ ಮ್ಯಾನೇಜರ್ ಅನ್ನುತ್ತಾರೆ, ಜನ ಇನ್ನೂ ಗಾರ್ಡ್ ಅಂತಲೇ ಅನ್ನುತ್ತಾರೆ). ಇಪ್ಪತ್ತೆರಡು ಬೋಗಿಯ ಗಾಡಿ ಅರ್ಧ ಕಿಲೋಮೀಟರ್ ಉದ್ದ ಇರುತ್ತದೆ. ಗಾಡಿ ನಿಲ್ಲುವುದು ಎರಡು ನಿಮಿಷ. ಕಣ್ಣು ಕಾಣದ ಅಪ್ಪನ ಕೈ ಹಿಡಿದುಕೊಂಡು ಆ ತುದಿಗೆ ಓಡಿ, ಚೀಟಿ ಬರೆಸಿ, ಮತ್ತೆ ಬಂದು ಹತ್ತಬೇಕು! ಕಾಗದದ ಮೇಲೆ ಹಕ್ಕು ಇದೆ, ಕೈಗೆ ಸಿಗುವುದಿಲ್ಲ.

ಗೇಟಿನ ವಿಚಾರ. ನಮ್ಮ ಕಡೆಯವರಿಗೆ ಗೇಟ್ ಹೊಸದೇನಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು 2018ರಲ್ಲಿ ಓಡಲು ಶುರುವಾದಾಗ ಟಿಕೆಟ್ಟಿನ ಮೇಲಿನ ಕೋಡ್ ತೋರಿಸಿದರೆ ತೆರೆಯುವ ಗೇಟುಗಳನ್ನು ಕಂಡಿದ್ದೇವೆ. ರೈಲ್ವೆಗೂ ಗೇಟ್ ಗೊತ್ತು, 1984ರಲ್ಲಿ ಶುರುವಾದ ಕೋಲ್ಕತ್ತಾ ಮೆಟ್ರೋ ಅವರದೇ. ಆದರೆ ಮೆಟ್ರೋಗೂ ಚಿಗರಿಗೂ ನಿಲ್ದಾಣ ಅಂದರೆ ನಾಲ್ಕು ಗೋಡೆಯ ಕೋಣೆ. ನಮ್ಮ ರೈಲ್ವೆ ಸ್ಟೇಷನ್ ಹಾಗಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ ಒಂದೇ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಇನ್ನು ಸಣ್ಣ ಊರಿನ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ತುದಿಯಿಂದ ಇಳಿದರೆ ಸೀದಾ ಹೊಲ. ಪಾಸಿನವರು, ಬಿಟ್ಟುಬರಲು ಬಂದ ಪ್ಲಾಟ್‌ಫಾರ್ಮ್ ಟಿಕೆಟ್ಟಿನವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊತ್ತವರು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡವರು, ಎಲ್ಲರೂ ಒಂದೇ ಕಿಂಡಿಯಲ್ಲಿ ತೂರಬೇಕು. ಗೇಟ್ ಹಾಕಿದರೆ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲಲೇಬೇಕು. ಮನುಷ್ಯ ನಿಲ್ಲುವುದಾದರೆ ಗೇಟ್ ಯಾಕೆ? ಮತ್ತೆ, ನಿಮ್ಮ ಟಿಕೆಟ್ ಪ್ಯಾಸೆಂಜರಿನದು. ಮೊದಲ ಗೇಟ್ ಅದಕ್ಕೆ ತೆರೆಯುತ್ತಿತ್ತು. ಒಳಗೆ ಹೋದ ಮೇಲೆ ನೀವು ಯಾವ ಗಾಡಿ ಹತ್ತಿದಿರಿ ಅಂತ ಅದಕ್ಕೇನು ಗೊತ್ತು?

ನನಗೆ ಬೇಕಾದದ್ದು ಆ ಮನುಷ್ಯ. ಆತ ನಿಲ್ಲಬೇಕಾದ್ದು ಇಳಿಯುವ ಕಡೆಯಲ್ಲಿ ಅಲ್ಲ, ಹತ್ತುವ ಕಡೆಯಲ್ಲಿ. ರಟ್ಟಿನ ಟಿಕೆಟ್ಟಿನ ಕಾಲದಲ್ಲಿ ಟಿಸಿ ಬಾಗಿಲಲ್ಲೇ ನಿಂತು ಟಿಕೆಟ್ಟಿಗೆ ತೂತು ಹಾಕಿ ಒಳಗೆ ಬಿಡುತ್ತಿದ್ದರು. 'ಅಜ್ಜಾರ, ಇದು ಈ ಗಾಡಿಗೆ ನಡಿಯಂಗಿಲ್ಲ, ಕೌಂಟರಿಗೆ ಹೋಗ್ರಿ' ಅಂತ ಅಲ್ಲೇ ಹೇಳಿ ತಿರುಗಿ ಕಳಿಸಬಹುದಿತ್ತು. ಈಗ ಟಿಕೆಟ್ ತಪಾಸಣೆಯ ಸ್ಕ್ವಾಡ್ ಬರುವುದು ಹೆಚ್ಚಾಗಿ ಜನ ಇಳಿದು ಹೊರಗೆ ಹೋಗುವ ಕಡೆಗೆ. ಅಲ್ಲಿ ಸಿಗುವುದು ಯಾರು? ಬಾಗಿಲಿನಿಂದಲೇ ಹೊರಗೆ ಹೋಗಬೇಕು ಅನ್ನುವ ನಿಮ್ಮಂಥವರು. ಟಿಕೆಟ್ ಇಲ್ಲದ ಆ ನಾಕು ಹುಡುಗರಿಗೆ ಬಾಗಿಲು ಯಾಕೆ ಬೇಕು, ಹಳಿ ದಾಟುತ್ತಾರೆ. ಹಳಿ ದಾಟುವುದೂ ಅಪರಾಧವೇ, ಅದಕ್ಕೂ ಕಲಂ ಇದೆ. ಹಿಡಿಯಲು ಆ ಕಡೆ ಯಾರೂ ಇಲ್ಲ, ಅಷ್ಟೇ.

ಟಿಸಿಗಳೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ರಾತ್ರಿ ಗಾಡಿಯಲ್ಲಿ ಕುಡಿದವರ ಹತ್ತಿರ ಟಿಕೆಟ್ ಕೇಳಿ ಬೈಸಿಕೊಂಡು, ಹೊಡೆತ ತಿಂದವರೂ ಅವರಲ್ಲಿದ್ದಾರೆ. ಟಿಕೆಟ್ ತೋರಿಸಿ ಅಂದರೆ ತೋರಿಸಬೇಕಾದದ್ದು ನಮ್ಮ ಕರ್ತವ್ಯ. ಒಂದೇ ಪ್ರಯಾಣದಲ್ಲಿ ಮೂರು ಸಲ ಕೇಳಿದರು ಅಂತ ಸಿಟ್ಟಾಗುವ ಕೆಲವು ಓದುಗರ ಪತ್ರಗಳೂ ಇಲ್ಲಿಗೆ ಬರುತ್ತವೆ, ಅದನ್ನು ನಾನು ಒಪ್ಪುವುದಿಲ್ಲ. ಕೇಳಲಿ ಬಿಡಿ. ಆದರೆ ಎಕ್ಸ್‌ಪ್ರೆಸ್ ಬರುವಾಗ ಮೈಕಿನಲ್ಲಿ 'ಈ ಗಾಡಿಗೆ ಪ್ಯಾಸೆಂಜರ್ ಟಿಕೆಟ್ ನಡೆಯುವುದಿಲ್ಲ' ಅಂತ ಕನ್ನಡದಲ್ಲಿ ಒಂದು ಸಲ ಕೂಗಲಿ, ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ, ಗದಗ ರಸ್ತೆಯಲ್ಲಿದೆ. ಇದಕ್ಕೆ ದೆಹಲಿಯವರೆಗೂ ಹೋಗಬೇಕಾಗಿಲ್ಲ.

ಕೊನೆಗೆ ನಿಮ್ಮ ರೊಕ್ಕ. ವಾಪಸ್ ಬರುತ್ತದೆ ಅಂತ ಆಸೆ ಹುಟ್ಟಿಸಲಾರೆ, ಹಾಕಿದ ಮೊತ್ತ ನಿಯಮದೊಳಗೇ ಇದೆ. ಆದರೆ ಮಾತಾಡಿದ ರೀತಿಯ ಬಗ್ಗೆ ದೂರು ಕೊಡಬಹುದು, ಕೊಡಲೇಬೇಕು. 139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ ಮದದ್ ಆ್ಯಪಿನಲ್ಲಿ ಬರೆಯಿರಿ. ದಿನ, ಹೊತ್ತು, ಗಾಡಿ ನಂಬರು, ರಸೀದಿ ನಂಬರು ಹಾಕಿ. ಟಿಸಿ ಎದೆಯ ಮೇಲಿನ ಪಟ್ಟಿಯಲ್ಲಿದ್ದ ಹೆಸರು ನೆನಪಿದ್ದರೆ ಅದನ್ನೂ ಹಾಕಿ. ಅವತ್ತು ರಸೀದಿ ಕೊಟ್ಟರೋ ಇಲ್ಲವೋ ಪತ್ರದಲ್ಲಿ ನೀವು ಬರೆದಿಲ್ಲ. ಕೊಟ್ಟಿದ್ದರೆ ಎತ್ತಿಡಿ. ಕೊಟ್ಟಿಲ್ಲದಿದ್ದರೆ ನಿಮ್ಮ ದೂರು ಬೇರೆಯದೇ ಆಗುತ್ತದೆ, ಆಗ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.