ಸಂಶೋಧನೆಗೆ ಫೋಕಸ್ ಗ್ರೂಪ್ ಸಾಕಾ, ಒಬ್ಬೊಬ್ಬರನ್ನೇ ಸಂದರ್ಶನ ಮಾಡಬೇಕಾ?

ನರ್ಸ್‌ಗಳು ಕೆಲಸ ಯಾಕೆ ಬಿಡುತ್ತಾರೆ ಅನ್ನೋದು ನಿಮ್ಮ ವಿಷಯ. ಫೋಕಸ್ ಗ್ರೂಪ್ ಅಂದರೆ ಹಲವರನ್ನು ಒಟ್ಟಿಗೆ ಕೂರಿಸಿ ಒಂದು ವಿಷಯದ ಮೇಲೆ ಮಾತಾಡಿಸೋದು; ಹಾಗೆ 8 ಜನರ ಎರಡು ಗುಂಪು ಕೂರಿಸಿದರೆ 16 ಸಂದರ್ಶನದ ಕೆಲಸ ಮೂರು ಗಂಟೆಯಲ್ಲಿ ಮುಗಿಯುತ್ತೆ ಅಂತ ಗೈಡ್ ಹೇಳಿದ್ದಾರೆ ಅಂದಿದ್ದೀರಿ. ಈ ಲೆಕ್ಕವನ್ನು ಒಂದು ಕಾಲಕ್ಕೆ ನಾನೂ ನಂಬಿದ್ದೆ. 90 ನಿಮಿಷವನ್ನು 8 ಜನಕ್ಕೆ ಹಂಚಿ ನೋಡಿ: ತಲೆಗೆ ಹನ್ನೊಂದು ನಿಮಿಷ, ಅದೂ ನೀವು ಬಾಯಿ ತೆರೆಯದಿದ್ದರೆ.

ನನ್ನ ಮೊದಲ ಗುಂಪಿನಲ್ಲಿ ಕಿರಿಯ ನರ್ಸ್‌ಗಳ ಜೊತೆ ಅವರ ಹಿರಿಯರೊಬ್ಬರನ್ನೂ ಕೂರಿಸಿಬಿಟ್ಟಿದ್ದೆ. ‘ಸಂಬಳ ಕಮ್ಮಿ, ಅಷ್ಟೇ’ ಅಂತ ಅವರು ಶುರುವಿನಲ್ಲೇ ಅಂದರು. ಆಮೇಲೆ ಟ್ರಾನ್ಸ್‌ಕ್ರಿಪ್ಟ್ (ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿದ ಮಾತು) ತುಂಬ ‘ಹೌದು ಮೇಡಂ’, ‘ಮೇಡಂ ಹೇಳಿದ ಹಾಗೆ’. ಮೂಲೆಯಲ್ಲಿದ್ದ ಹುಡುಗಿ ಆಡಿದ್ದು ನಾಲ್ಕೇ ಮಾತು. ಎರಡು ವಾರ ಬಿಟ್ಟು ಅವಳೊಬ್ಬಳನ್ನೇ ಮಾತಾಡಿಸಿದೆ. ಸಂಬಳದ ಸುದ್ದಿಯೇ ಬರಲಿಲ್ಲ. ರಾತ್ರಿ ಪಾಳಿ ಯಾರ ತಲೆಗೆ ಬೀಳುತ್ತೆ, ಯಾರಿಗೆ ತಪ್ಪುತ್ತೆ ಅನ್ನೋದೇ ಮುಕ್ಕಾಲು ಗಂಟೆ. ಪಾಳಿ ಪಟ್ಟಿ ಬರೆಯುತ್ತಿದ್ದವರು ಅದೇ ಮೇಡಂ!

ಹಾಗಂತ ಗುಂಪು ದಂಡ ಅಲ್ಲ. ಇನ್ನೊಂದು ಅಧ್ಯಯನದ ಸಂದರ್ಶನಗಳಲ್ಲಿ ಎಲ್ಲರೂ ‘ಕೆಲಸ ಜಾಸ್ತಿ’ ಅಂದಿದ್ದರು, ನಾನೂ ಅದಕ್ಕೊಂದು ಕೋಡ್ (ಒಂದೇ ಅರ್ಥದ ಮಾತುಗಳಿಗೆ ಕೊಡುವ ಹೆಸರು) ಹಾಕಿ ಮುಂದೆ ಹೋಗಿದ್ದೆ. ಗುಂಪಿನಲ್ಲಿ ಒಬ್ಬರು ಆ ಮಾತು ಎತ್ತಿದ್ದೇ ತಡ, ಪಕ್ಕದವರು ‘ರೋಗಿ ನೋಡೋದು ಜಾಸ್ತಿ ಅಲ್ಲ ಕಣ್ರೀ, ರಿಜಿಸ್ಟರ್ ಬರೆಯೋದು ಜಾಸ್ತಿ’ ಅಂದರು. ಮೂರನೆಯವರು ಅದನ್ನೂ ಒಪ್ಪಲಿಲ್ಲ. ಇಪ್ಪತ್ತು ನಿಮಿಷ ಅವರವರೇ ವಾದಿಸಿದರು, ನಾನು ಸುಮ್ಮನೆ ಕೂತಿದ್ದೆ. ನನ್ನ ಒಂದು ಕೋಡ್ ಅವತ್ತು ಮೂರಾಯಿತು. ಗುಂಪು ಬೇಕಾಗೋದು ಇಂಥದ್ದಕ್ಕೆ, ಸಮಯ ಉಳಿಸೋಕಲ್ಲ.

ಈ ವಿಧಾನದ ಬೇರೂ ಅಲ್ಲೇ ಇದೆ. 1941ರಲ್ಲಿ ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಜನರಿಗೆ ರೇಡಿಯೋ ಕಾರ್ಯಕ್ರಮ ಕೇಳಿಸಿ, ಇಷ್ಟವಾದಾಗ ಹಸಿರು ಗುಂಡಿ, ಆಗದಿದ್ದಾಗ ಕೆಂಪು ಗುಂಡಿ ಒತ್ತಿಸುತ್ತಿದ್ದರು. ಆಮೇಲೆ ‘ಯಾಕೆ’ ಅಂತ ಕೇಳುವ ಬಗೆಯನ್ನು ತಿದ್ದಿದವರು ಇನ್ನೊಬ್ಬ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್. ಎಲ್ಲರೂ ಕೇಳಿದ್ದು ಒಂದೇ ಕಾರ್ಯಕ್ರಮ, ಅದೇ ಮುಖ್ಯ. ನಿಮ್ಮ ನರ್ಸ್‌ಗಳು ಬಿಟ್ಟಿದ್ದು ಬೇರೆ ಬೇರೆ ಆಸ್ಪತ್ರೆ, ಬೇರೆ ಬೇರೆ ಕಾರಣಕ್ಕೆ. ರಾಜೀನಾಮೆ ಬರೆದು ಎಷ್ಟು ದಿನ ಬ್ಯಾಗಿನಲ್ಲಿಟ್ಟುಕೊಂಡಿದ್ದರು ಅನ್ನೋದು ಒಬ್ಬರೇ ಕೂತಾಗ ಬರುವ ಕಥೆ.

ಹಾಗಾಗಿ ನಾನಾದರೆ ಸಂದರ್ಶನ ಮಾಡ್ತೀನಿ. ಒಂದೇ ಬಗೆಯ ಜನರಾದರೆ ಮುಖ್ಯ ವಿಷಯಗಳು 12 ಸಂದರ್ಶನದೊಳಗೇ ಬಂದುಬಿಡುತ್ತವೆ ಅಂತ ಸಂಶೋಧಕ ಗ್ರೆಗ್ ಗೆಸ್ಟ್ ಅವರ ತಂಡ 2006ರಲ್ಲಿ ತೋರಿಸಿದೆ. ಗೈಡ್ ಮುಂದೆ ಇಡೋಕೆ ಆಗುತ್ತೆ. ಆದರೆ ‘ಸೂಕ್ಷ್ಮ ವಿಷಯ, ಅದಕ್ಕೇ ಸಂದರ್ಶನ’ ಅಂತ ಮಾತ್ರ ಬರೆಯಬೇಡಿ. ಅದೇ ಗೆಸ್ಟ್ ತಂಡ 2017ರಲ್ಲಿ ಜನರನ್ನು ಚೀಟಿ ಎತ್ತಿದ ಹಾಗೆ ಎರಡೂ ವಿಧಾನಕ್ಕೆ ಹಂಚಿ ನೋಡಿದಾಗ, ಕೆಲವು ಖಾಸಗಿ ಸಂಗತಿಗಳು ಗುಂಪಿನಲ್ಲೇ ಹೆಚ್ಚು ಹೊರಬಂದವು. ಒಬ್ಬರು ಬಾಯಿಬಿಟ್ಟರೆ ಇನ್ನೊಬ್ಬರಿಗೂ ಧೈರ್ಯ ಬರುತ್ತೆ. ಗೋಪ್ಯತೆ ಬೇರೆ ಮಾತು: ನೀವು ಮಾತು ಕೊಡಬಹುದು, ಉಳಿದ ಏಳು ಜನರ ಪರವಾಗಿ ಕೊಡೋಕಾಗಲ್ಲ.

ಕೊನೆಗೆ ಒಂದು ಗುಂಪು ಮಾಡಲೇಬೇಕು ಅಂತಾದರೆ ಒಂದೇ ಹುದ್ದೆಯವರನ್ನು ಕೂರಿಸಿ, ಆರು ಜನ ಸಾಕು. ಎರಡು ರೆಕಾರ್ಡರ್ ಇಡಿ, ಶುರುವಿನಲ್ಲಿ ಪ್ರತಿಯೊಬ್ಬರೂ ಒಂದೆರಡು ವಾಕ್ಯ ಮಾತಾಡಲಿ. ಇಲ್ಲದಿದ್ದರೆ ಟೈಪ್ ಮಾಡುವಾಗ ‘ಸಾಕಾಗಿತ್ತು ನಂಗೆ’ ಅಂದ ದನಿ ಯಾರದ್ದು ಅಂತ ಹತ್ತು ಸಲ ಹಿಂದಕ್ಕೆ ಹೋಗಿ ಕೇಳ್ತಾ ಇರ್ತೀರಿ.