ಕೇಳಿ-ಹೇಳ್ತೀವಿ: ಮೊಮೆಂಟ್‌ಗಳ ಡಿಟರ್ಮಿನೆಂಟ್, 14ರ ಜಾಗದಲ್ಲಿ 13 ಇಟ್ರೆ ಏನಾಗುತ್ತೆ?

ಪ್ರಶ್ನೆ: ಸರ್ ನಮಸ್ಕಾರ, ನಾನು ಎಂಎಸ್ಸಿ ಮ್ಯಾಥ್ಸ್ ಓದ್ತಿದೀನಿ. ಆರ್ಥೋಗೋನಲ್ ಪಾಲಿನಾಮಿಯಲ್ (ಯಾವ ಎರಡನ್ನ ಗುಣಿಸಿ ಒಂದು ವೆಯ್ಟ್ ಜೊತೆ ಇಂಟಿಗ್ರೇಟ್ ಮಾಡಿದ್ರೂ ಸೊನ್ನೆ ಬರೋ ಪಾಲಿನಾಮಿಯಲ್‌ಗಳು) ಚಾಪ್ಟರ್ ಶುರುವಾಗೋದೇ ಮೊಮೆಂಟ್‌ಗಳನ್ನ ಜೋಡಿಸಿ ಮಾಡೋ ಹ್ಯಾಂಕೆಲ್ ಡಿಟರ್ಮಿನೆಂಟ್‌ನಿಂದ. ಅದು ಸೊನ್ನೆಗಿಂತ ಜಾಸ್ತಿ ಇರ್ಬೇಕು ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡ್ತಾರೆ. ಪ್ರೂಫ್ ಓದಿದೀನಿ, ಒಂದೊಂದು ಸ್ಟೆಪ್ಪೂ ಅರ್ಥ ಆಗುತ್ತೆ, ಆದ್ರೆ ಸೊನ್ನೆ ಆದ್ರೆ ನಿಜವಾಗ್ಲೂ ಏನಾಗುತ್ತೆ ಅಂತ ಕಣ್ಣಿಗೆ ಕಾಣ್ತಿಲ್ಲ. (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಒಳ್ಳೇ ಪ್ರಶ್ನೆ ಕೇಳಿದೀರಮ್ಮ, ಇದು ಕಣ್ಣಿಗೆ ಕಾಣೋ ವಿಷಯಾನೇ, ಪೆನ್ನು ಪೇಪರ್ ತಗೊಂಡು ಕೂತ್ಕೊಳ್ಳಿ.

ನಂಬರ್ ಲೈನ್ ಮೇಲೆ ಒಂದು ವೆಯ್ಟ್ ಹರಡಿದೆ. ಎಕ್ಸ್‌ನ ಒಂದೊಂದು ಘಾತಕ್ಕೂ ಆ ವೆಯ್ಟ್ ಹಾಕಿ ಇಂಟಿಗ್ರೇಟ್ ಮಾಡಿದ್ರೆ ಸಿಗೋ ಸಂಖ್ಯೆಗಳೇ ಮೊಮೆಂಟ್‌ಗಳು. ಅವನ್ನ ಮೊದಲ ಸಾಲಲ್ಲಿ ಬರೆದು, ಮುಂದಿನ ಸಾಲನ್ನ ಒಂದು ಮನೆ ಮುಂದಿಂದ ಶುರು ಮಾಡಿ, ಹೀಗೇ ಚೌಕ ತುಂಬಿಸಿದ್ರೆ ಹ್ಯಾಂಕೆಲ್ ಮ್ಯಾಟ್ರಿಕ್ಸ್. ಈಗ ಯಾವುದೇ ಪಾಲಿನಾಮಿಯಲ್‌ನ ವರ್ಗ ಮಾಡಿ ಅದೇ ವೆಯ್ಟ್ ಜೊತೆ ಇಂಟಿಗ್ರೇಟ್ ಮಾಡಿ, ಬರೋ ಉತ್ತರ ಆ ಪಾಲಿನಾಮಿಯಲ್‌ನ ಕೋಎಫಿಶಿಯಂಟ್‌ಗಳನ್ನ ಈ ಮ್ಯಾಟ್ರಿಕ್ಸ್‌ನ ಎರಡೂ ಕಡೆ ಗುಣಿಸಿದ್ದಕ್ಕೆ ಸಮ. ವರ್ಗ ನೆಗೆಟಿವ್ ಆಗೋ ಹಾಗಿಲ್ಲವಲ್ಲ, ಅದಕ್ಕೇ ಡಿಟರ್ಮಿನೆಂಟೂ ನೆಗೆಟಿವ್ ಆಗಲ್ಲ. ಸೊನ್ನೆ ಆಯ್ತು ಅಂದ್ರೆ ಯಾವುದೋ ಒಂದು ಪಾಲಿನಾಮಿಯಲ್ ವೆಯ್ಟ್ ಇರೋ ಜಾಗದಲ್ಲೆಲ್ಲ ಸೊನ್ನೆ ಆಗಿದೆ, ಅಂದ್ರೆ ವೆಯ್ಟ್ ಬರೀ ಕೆಲವೇ ಬಿಂದುಗಳ ಮೇಲೆ ಕೂತಿದೆ.

ಎಣಿಕೆ ಲೆಕ್ಕಗಳಲ್ಲಿ ಮತ್ತೆ ಮತ್ತೆ ಬರೋ ಕ್ಯಾಟಲಾನ್ ಸಂಖ್ಯೆಗಳನ್ನ ತಗೊಳ್ಳಿ: 1, 1, 2, 5, 14, 42. ಇವು 0ಯಿಂದ 4ರವರೆಗೆ ಹರಡಿರೋ ಒಂದು ವೆಯ್ಟ್‌ನ ಮೊಮೆಂಟ್‌ಗಳು. ಎರಡರ ಚೌಕ: 1, 1 ಕೆಳಗೆ 1, 2. ಡಿಟರ್ಮಿನೆಂಟ್ 1. ಮೂರರ ಚೌಕ: 1, 1, 2 ಕೆಳಗೆ 1, 2, 5, ಅದರ ಕೆಳಗೆ 2, 5, 14. ಮೊದಲ ಸಾಲಿಂದ ಬಿಡಿಸಿದ್ರೆ 3 ಮೈನಸ್ 4 ಪ್ಲಸ್ 2, ಮತ್ತೆ 1. ಎಷ್ಟು ದೊಡ್ಡ ಚೌಕ ಮಾಡಿದ್ರೂ 1 ಬರುತ್ತೆ, ಮೊದಲ ಸಂಖ್ಯೆ ಬಿಟ್ಟು ಎರಡನೇದ್ರಿಂದ ಶುರು ಮಾಡಿದ್ರೂ 1 ಬರುತ್ತೆ, ಅಷ್ಟೇ ಅಲ್ಲ ಈ ಎರಡೂ ಷರತ್ತು ಹಾಕಿದ್ರೆ 14 ಆದ್ಮೇಲೆ 42 ಬಿಟ್ಟು ಬೇರೆ ಸಂಖ್ಯೆ ಬರೋಕೆ ಸಾಧ್ಯಾನೇ ಇಲ್ಲ. ನಂಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಈಗ 14 ತೆಗೆದು 13 ಇಡಿ. ಮೂರರ ಡಿಟರ್ಮಿನೆಂಟ್ ನೇರ 0ಗೆ ಬಂತು. 1, 1, 2, 5, 13 ಅನ್ನೋದನ್ನ ಎಲ್ಲೋ ನೋಡಿದ ಹಾಗಿದೆ ಅನ್ಸಿದ್ರೆ ಸರಿನೇ, ಮೊದಲ 1 ಬಿಟ್ರೆ, ಫಿಬೊನಾಚಿ ಸಂಖ್ಯೆಗಳನ್ನ ಒಂದು ಬಿಟ್ಟು ಒಂದು ಆರಿಸಿದ್ರೆ ಇವೇ ಸಿಗೋದು! ಮೇಲೆ ಹೇಳಿದ ಹಾಗೇ ಈಗ ವೆಯ್ಟ್ ಎರಡೇ ಬಿಂದುಗಳಲ್ಲಿದೆ: ಸುಮಾರು 2.618 ಹತ್ರ 0.276 ಭಾಗ, 0.382 ಹತ್ರ ಉಳಿದ 0.724 ಭಾಗ. ಐದೂ ಮೊಮೆಂಟ್ ನೀವೇ ಗುಣಿಸಿ ನೋಡಿ. ಆ ಎರಡು ಬಿಂದುಗಳು ಎಲ್ಲಿಂದ ಬಂದ್ವು? ಎಕ್ಸ್ ವರ್ಗ ಮೈನಸ್ 3 ಎಕ್ಸ್ ಪ್ಲಸ್ 1, ಇದರ ರೂಟ್‌ಗಳು. ಇದೇ ನಮ್ಮ ಕ್ಯಾಟಲಾನ್ ವೆಯ್ಟ್‌ನ ಎರಡನೇ ಆರ್ಥೋಗೋನಲ್ ಪಾಲಿನಾಮಿಯಲ್! 0ಯಿಂದ 4ರವರೆಗಿನ ವೆಯ್ಟ್‌ನ ಬದಲು ಈ ಎರಡು ಬಿಂದು ಇಟ್ಕೊಂಡ್ರೂ ಮೂರನೇ ಘಾತದವರೆಗೆ ಉತ್ತರ ಒಂದೇ, ನಾಲ್ಕನೇದ್ರಲ್ಲಿ ಮಾತ್ರ 14ರ ಬದಲು 13. ಇಂಟಿಗ್ರಲ್‌ನ ಕೆಲವೇ ಬಿಂದುಗಳ ಬೆಲೆಯಿಂದ ಲೆಕ್ಕ ಹಾಕೋದನ್ನ ನ್ಯೂಮರಿಕಲ್ ಅನಾಲಿಸಿಸ್‌ನಲ್ಲಿ ಗೌಸ್ ಕ್ವಾಡ್ರೇಚರ್ ಅಂತ ಓದಿರ್ತೀರಲ್ಲ, ಅದು ಇದೇ.

ಇನ್ನು 12 ಇಟ್ರೆ ಡಿಟರ್ಮಿನೆಂಟ್ ಮೈನಸ್ 1. ಅಂಥ ವೆಯ್ಟೇ ಇಲ್ಲ. ಎಲ್ಲಾ ಸೈಜಿನ ಡಿಟರ್ಮಿನೆಂಟೂ ಪಾಸಿಟಿವ್ ಇದ್ರೆ ವೆಯ್ಟ್ ಖಂಡಿತ ಇದೆ ಅಂತ ಗಣಿತಜ್ಞ ಹಾಂಬುರ್ಗರ್ 1920ರಲ್ಲಿ ತೋರಿಸಿದ್ರು. ಅದಕ್ಕೂ ಮುಂಚೆ 1894ರಲ್ಲಿ ಇನ್ನೊಬ್ಬ ಗಣಿತಜ್ಞ ಸ್ಟೀಲ್ಟ್ಯೆಸ್, ವೆಯ್ಟ್ ಸೊನ್ನೆಯ ಬಲಗಡೆ ಮಾತ್ರ ಇರ್ಬೇಕಾದ್ರೆ ಒಂದು ಮನೆ ಸರಿಸಿದ ಡಿಟರ್ಮಿನೆಂಟ್‌ಗಳೂ ಪಾಸಿಟಿವ್ ಇರ್ಬೇಕು ಅಂತ ತೋರಿಸಿದ್ರು, ಅದೇ ವರ್ಷದ ಕೊನೇ ದಿನ ತೀರಿಕೊಂಡ್ರು.

ಪ್ರಶ್ನೆ: 1, 1/2, 1/3, 1/4 ಹೀಗೆ ಮೊಮೆಂಟ್ ಕೊಟ್ಟು ಆರ್ಥೋಗೋನಲ್ ಪಾಲಿನಾಮಿಯಲ್ ಕಂಡುಹಿಡಿಯೋ ಪ್ರೋಗ್ರಾಂ ಬರ್ದೆ. ಸಣ್ಣ ಸೈಜಿಗೆ ಸರಿ ಇದೆ, 15ಕ್ಕೆ ಹೋದ್ರೆ ಏನೇನೋ ಬರುತ್ತೆ. ಕೋಡ್ ತಪ್ಪಾ? (ಇಂಜಿನಿಯರ್, ಮೈಸೂರು)

ಉತ್ತರ: ಕೋಡ್ ಸರಿ ಇದ್ರೂ ಹಾಗೇ ಆಗುತ್ತೆ. ಈ ಮೊಮೆಂಟ್‌ಗಳ ಹ್ಯಾಂಕೆಲ್ ಮ್ಯಾಟ್ರಿಕ್ಸ್‌ಗೆ ಹಿಲ್ಬರ್ಟ್ ಮ್ಯಾಟ್ರಿಕ್ಸ್ ಅಂತಾರೆ, 0ಯಿಂದ 1ರವರೆಗೆ ಸಮವಾಗಿ ಹರಡಿದ ವೆಯ್ಟ್‌ನದ್ದು. ಡಿಟರ್ಮಿನೆಂಟ್ ನೋಡಿ: ಎರಡಕ್ಕೆ 1/12, ಮೂರಕ್ಕೆ 1/2160, ನಾಲ್ಕಕ್ಕೆ 1/6048000. ಸಾಲುಗಳು ಒಂದಕ್ಕೊಂದು ಅಷ್ಟು ಹತ್ರ ಇರೋದ್ರಿಂದ 12ರ ಹೊತ್ತಿಗೆ ಕಂಪ್ಯೂಟರ್ ಡೆಸಿಮಲ್ ಲೆಕ್ಕಕ್ಕೆ ಇಟ್ಕೊಳ್ಳೋ ಡಬಲ್ ಪ್ರಿಸಿಶನ್‌ನ 16 ಅಂಕಿಗಳೂ ಖಾಲಿ. ಭಿನ್ನರಾಶಿಗಳನ್ನ ಹಾಗೇ ಇಟ್ಕೊಂಡು ಲೆಕ್ಕ ಮಾಡಿದ್ರೆ ತೊಂದ್ರೆ ಇಲ್ಲ, ಡೆಸಿಮಲ್ ಆದ್ರೆ ಈ ದಾರಿ ಬಿಡಿ, ಹಿಂದಿನ ಎರಡು ಪಾಲಿನಾಮಿಯಲ್‌ಗಳಿಂದ ಮುಂದಿನದನ್ನ ಕಟ್ಟೋ ಮೂರು ಪದಗಳ ರಿಕರೆನ್ಸ್ ಹಿಡೀರಿ. ಅದಕ್ಕೆ ಬೇಕಾದ ಸಂಖ್ಯೆ ಡಿಟರ್ಮಿನೆಂಟ್‌ಗಳಲ್ಲೇ ಅಡಗಿದೆ: ಮುಂದಿನದನ್ನೂ ಹಿಂದಿನದನ್ನೂ ಗುಣಿಸಿ ನಡುವಿನದರ ವರ್ಗದಿಂದ ಭಾಗಿಸಿ. 1/2160 ಇಂಟು 1, ಅದನ್ನ 1/12ರ ವರ್ಗದಿಂದ ಭಾಗಿಸಿದ್ರೆ 144/2160, ಅಂದ್ರೆ 1/15. ಇಲ್ಲಿ ಅದಕ್ಕೆ ಸಿದ್ಧ ಸೂತ್ರಾನೇ ಇದೆ, ಎನ್ ವರ್ಗವನ್ನ 4 ಇಂಟು (4 ಎನ್ ವರ್ಗ ಮೈನಸ್ 1)ರಿಂದ ಭಾಗಿಸೋದು: 1/12, 1/15, 9/140 ಹೀಗೆ 1/16ರ ಕಡೆ ಹೋಗುತ್ತೆ. ಡಿಟರ್ಮಿನೆಂಟ್ ಎಷ್ಟೇ ಚಿಕ್ಕದಾದ್ರೂ ಈ ಸಂಖ್ಯೆಗಳು ನೆಟ್ಟಗೆ ಇರ್ತವೆ.

ಪ್ರಶ್ನೆ: ಹ್ಯಾಂಕೆಲ್ ಯಾರು? (ಪಿಯು ವಿದ್ಯಾರ್ಥಿ, ಹಾಸನ)

ಉತ್ತರ: ಹೆರ್ಮಾನ್ ಹ್ಯಾಂಕೆಲ್, ಜರ್ಮನಿಯವರು, ಹುಟ್ಟಿದ್ದು 1839ರಲ್ಲಿ. 1861ರಲ್ಲಿ ಲೈಪ್‌ಜಿಗ್‌ನಲ್ಲಿ ಬರೆದ ಪ್ರಬಂಧದ ವಿಷಯಾನೇ ಇಂಥ ವಿಶೇಷ ಡಿಟರ್ಮಿನೆಂಟ್‌ಗಳು. 1873ರಲ್ಲಿ ಹೋಗಿಬಿಟ್ರು, ಬರೀ 34 ವರ್ಷ.